ಕುಂಡದಲ್ಲೊಂದು ಗಿಡ, ಕಾಯ್ದೆಯಲ್ಲಿ ಹತ್ತು ವರ್ಷ

ಗೋವಿನಜೋಳ ಆಳೆತ್ತರ ಬೆಳೆದು ನಿಲ್ಲುವ ತಿಂಗಳುಗಳಲ್ಲಿ ಹಾವೇರಿ ಜಿಲ್ಲೆಯ ಸುದ್ದಿಪುಟಗಳಲ್ಲಿ ಒಂದು ವರದಿ ಆಗಾಗ ಕಾಣಿಸುತ್ತದೆ: ಬೆಳೆಯ ನಡುವೆ ಗಾಂಜಾ ಗಿಡ, ಪೊಲೀಸರ ದಾಳಿ, ಒಬ್ಬ ರೈತನ ಬಂಧನ. ಗಿಡ ಎಷ್ಟಿದ್ದವು, ತೂಕ ಎಷ್ಟಾಯಿತು ಎಂಬಲ್ಲಿಗೆ ಅದು ಮುಗಿಯುತ್ತದೆ. ಆ ಮನುಷ್ಯನ ಮೇಲೆ ಹಾಕಿದ ಕಲಂ ಯಾವುದು, ಅದರ ಶಿಕ್ಷೆ ಎಷ್ಟು, ಪ್ರಕರಣ ಮುಂದೆ ಏನಾಯಿತು ಎಂಬುದು ಓದುಗರಿಗೆ ತಲುಪುವುದೇ ಅಪರೂಪ. ಇತ್ತ ಮೊಬೈಲಿನಲ್ಲಿ ಬೇರೆಯದೇ ಲೋಕ ತೆರೆದುಕೊಂಡಿದೆ. ಕೆನಡಾದವನೊಬ್ಬ ಮನೆಯ ಮೂಲೆಯಲ್ಲಿ ಟೆಂಟ್ ಕಟ್ಟಿ, ಎಲ್‌ಇಡಿ ದೀಪ ತೂಗುಹಾಕಿ, ಹೊಸಬರಿಗೆಂದೇ ಗಾಂಜಾ ಬೆಳೆಯುವ ಪಾಠ ಹೇಳುತ್ತಾನೆ. ಅದನ್ನು ರಾಣೆಬೆನ್ನೂರಿನಲ್ಲಿ ಕೂತು ನೋಡುವ ಹುಡುಗನಿಗೆ ಎಲ್ಲವೂ ಕಾಣುತ್ತದೆ, ಆ ಮನೆ ಕೆನಡಾದಲ್ಲಿದೆ ಎಂಬುದೊಂದು ಬಿಟ್ಟು. ಒಂದೇ ಗಿಡ, ನಮ್ಮದೇ ಮಾಳಿಗೆ, ಮಾರುವ ಮಾತೇ ಇಲ್ಲ, ಯಾರಿಗೇನು ತೊಂದರೆ ಎಂದು ಅವನು ತರ್ಕಿಸಿದರೆ ಆಶ್ಚರ್ಯವಿಲ್ಲ. ಆದರೆ ಈಗಿರುವ ಕಾನೂನಿನಲ್ಲಿ ಗಾಂಜಾ ಸೇದಿದವನಿಗಿಂತ, ಚೀಲದಲ್ಲಿ ಇಟ್ಟುಕೊಂಡವನಿಗಿಂತ, ಒಂದು ಗಿಡ ನೆಟ್ಟವನೇ ದೊಡ್ಡ ಅಪಾಯದಲ್ಲಿದ್ದಾನೆ. ಇದು ಹೊಸಬನಿಗೆ ತಿಳಿದಿಲ್ಲ. ತಿಳಿದಿರುವ ಸಂಸತ್ತು ಸರಿಪಡಿಸಿಲ್ಲ.

ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬನ ಬಳಿ 900 ಗ್ರಾಂ ಒಣಗಿದ ಗಾಂಜಾ ಸಿಗುತ್ತದೆ. ಇನ್ನೊಬ್ಬನ ಹಿತ್ತಲಲ್ಲಿ ಇನ್ನೂ ಹೂಬಿಡದ ಒಂದು ಗಿಡ ಸಿಗುತ್ತದೆ. 1985ರ ಮಾದಕ ವಸ್ತುಗಳ ಕಾಯ್ದೆ, ಅಂದರೆ ಎಲ್ಲರೂ ಎನ್‌ಡಿಪಿಎಸ್ ಎಂದು ಕರೆಯುವ ಕಾಯ್ದೆ, ಒಂದು ಕಿಲೋವರೆಗಿನ ಗಾಂಜಾವನ್ನು ಅಲ್ಪ ಪ್ರಮಾಣ ಎನ್ನುತ್ತದೆ. ಅದಕ್ಕೆ ಹೆಚ್ಚೆಂದರೆ ಒಂದು ವರ್ಷ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇದಿದ್ದಷ್ಟೇ ಅಪರಾಧವಾದರೆ ಕಲಂ 27ರ ಪ್ರಕಾರ ಜೈಲಿನ ಮಿತಿ ಆರು ತಿಂಗಳು. ಗಿಡ ನೆಟ್ಟವನಿಗೆ ಅನ್ವಯಿಸುವುದು ಕಲಂ 20ರ ಮೊದಲ ಭಾಗ. ಅಲ್ಲಿ ಕಿಲೋ ಇಲ್ಲ, ಗ್ರಾಂ ಇಲ್ಲ, ಗಿಡಗಳ ಎಣಿಕೆಯೂ ಇಲ್ಲ. ಗಾಂಜಾ ಜಾತಿಯ ಯಾವುದೇ ಗಿಡವನ್ನು ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಅದರ ಜೊತೆಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಒಂದು ಕಿಲೋ ದಾಟಿ 20 ಕಿಲೋಗಿಂತ ಕಡಿಮೆ ಗಾಂಜಾ ಸಾಗಿಸುತ್ತ ಸಿಕ್ಕವನಿಗೆ ಇರುವ ಶಿಕ್ಷೆಯೂ ಇದೇ. ಮೊದಲನೆಯವನ ಪ್ರಕರಣ ಮ್ಯಾಜಿಸ್ಟ್ರೇಟರ ಮುಂದೆಯೇ ಮುಗಿಯಬಹುದು. ಎರಡನೆಯವನದು ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದ್ದರಿಂದ ವಿಶೇಷ ನ್ಯಾಯಾಲಯಕ್ಕೇ ಹೋಗಬೇಕು. ವ್ಯಸನಿಯೊಬ್ಬ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ವಿಚಾರಣೆಯಿಂದ ಪಾರಾಗುವ ದಾರಿಯೊಂದು ಕಲಂ 64ಎ ಯಲ್ಲಿದೆ. ಅದು ಇರುವುದು ಸೇವನೆಗೆ ಮತ್ತು ಅಲ್ಪ ಪ್ರಮಾಣದ ಅಪರಾಧಗಳಿಗೆ. ಬೆಳೆಯುವುದಕ್ಕೆ ಅಲ್ಪ ಪ್ರಮಾಣ ಎಂಬುದನ್ನೇ ಕಾಯ್ದೆ ಹೇಳಿಲ್ಲದಿರುವಾಗ, ವ್ಯಾಪಾರಿಯ ಸಹವಾಸ ಬೇಡವೆಂದು ಕುಂಡದಲ್ಲಿ ನೆಟ್ಟುಕೊಂಡ ವ್ಯಸನಿಗೆ ಆ ಬಾಗಿಲು ತೆರೆದಿದೆ ಎಂದು ಯಾವ ವಕೀಲರೂ ಭರವಸೆ ಕೊಡಲಾರರು.

ಇದು ಯಾರೋ ಬೇಕೆಂದೇ ಹೂಡಿದ ಸಂಚೇನಲ್ಲ. ಅರ್ಧಕ್ಕೆ ನಿಂತ ತಿದ್ದುಪಡಿಯ ಫಲ. 1985ರಲ್ಲಿ ಕಾಯ್ದೆ ಬಂದಾಗ ಪ್ರಮಾಣದ ಲೆಕ್ಕ ಇಂದಿನಂತೆ ಇರಲಿಲ್ಲ. ಸಣ್ಣ ಪೊಟ್ಟಣದವನಿಗೂ ದೊಡ್ಡ ದಂಧೆಯವನಿಗೂ ಒಂದೇ ಕೋಲು ಎಂಬ ಟೀಕೆ ಬೆಳೆದ ಮೇಲೆ 2001ರಲ್ಲಿ ಸಂಸತ್ತು ಶಿಕ್ಷೆಗಳನ್ನು ಅಲ್ಪ, ಮಧ್ಯಮ, ವಾಣಿಜ್ಯ ಎಂದು ಮೂರು ಮೆಟ್ಟಿಲು ಮಾಡಿತು. ಅದೇ ವರ್ಷ ಕೇಂದ್ರ ಸರ್ಕಾರ ಪ್ರಮಾಣಗಳ ಕೋಷ್ಟಕ ಹೊರಡಿಸಿತು. ಮೆಟ್ಟಿಲು ಮಾಡಿದ್ದು ಹೊಂದುವುದಕ್ಕೆ, ಮಾರುವುದಕ್ಕೆ, ಸಾಗಿಸುವುದಕ್ಕೆ; ಬೆಳೆಯುವುದಕ್ಕೆ ಮಾತ್ರ ಮಾಡಲಿಲ್ಲ. ಹೀಗಾಗಿ ಎಕರೆಗಟ್ಟಲೆ ಬೆಳೆದವನೂ ಕುಂಡದಲ್ಲಿ ಬೆಳೆದವನೂ ಕಲಂ 20ರ ಅದೇ ಸಾಲಿನ ಕೆಳಗೆ ನಿಲ್ಲುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ನೋಟ ಬೇರೆಯೇ ಇದೆ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಎಲ್ಲವೂ ಧಾರವಾಡ ಜಿಲ್ಲೆಯೊಳಗಿದ್ದು, ಧಾರವಾಡ ಮುಂಬೈ ಪ್ರಾಂತ್ಯದೊಳಗಿದ್ದ ಕಾಲದಲ್ಲಿ ಗಾಂಜಾ ಅಬಕಾರಿ ಇಲಾಖೆಯ ಬಾಬತ್ತಾಗಿತ್ತು, ಪೊಲೀಸರದಲ್ಲ. 1893ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ 1894ರಲ್ಲಿ ಹಲವು ಸಂಪುಟಗಳ ವರದಿ ಕೊಟ್ಟಿತು. ಮಿತವಾದ ಬಳಕೆಯಿಂದ ಗಣನೀಯ ಹಾನಿ ಕಾಣುವುದಿಲ್ಲ, ಅತಿಯಾದ ಬಳಕೆ ಖಂಡಿತ ಕೆಡುಕು, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯ ಹಿಡಿತ ಸಾಕು ಎಂಬುದು ಅದರ ತೀರ್ಮಾನ. ಬಂಗಾಳದ ನವಗಾಂವ್ ಸೀಮೆಯಲ್ಲಿ ಆಗ ಪರವಾನಗಿ ಪಡೆದ ರೈತರು ಗಾಂಜಾ ಬೆಳೆಯುತ್ತಿದ್ದರು. ಹೊಲದೊಳಗಿನ ಗಂಡು ಗಿಡಗಳನ್ನು ಗುರುತಿಸಿ ಕಿತ್ತುಹಾಕಲೆಂದೇ ಕೂಲಿ ಕೊಟ್ಟು ಒಬ್ಬ ಪರಿಣತನನ್ನು ಕರೆಸುತ್ತಿದ್ದರು. ಮುಂದೆ ಆ ರೈತರು ಸಹಕಾರಿ ಸಂಘವನ್ನೂ ಕಟ್ಟಿಕೊಂಡರು. ವ್ಯವಸ್ಥೆ ಬದಲಾದದ್ದು 1961ರ ವಿಶ್ವಸಂಸ್ಥೆಯ ಒಡಂಬಡಿಕೆಯ ನಂತರ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶ ಬಿಟ್ಟು ಉಳಿದ ಬಳಕೆಯನ್ನು 25 ವರ್ಷಗಳೊಳಗೆ ನಿಲ್ಲಿಸಬೇಕೆಂಬ ಷರತ್ತಿಗೆ ಭಾರತ ಸಹಿ ಹಾಕಿತ್ತು. 1985ರ ಕಾಯ್ದೆ ಆ ಗಡುವಿನ ನೆರಳಲ್ಲಿ ಬಂತು. ಅದೇ ಭಾರತ 2020ರ ಡಿಸೆಂಬರಿನಲ್ಲಿ, ಗಾಂಜಾವನ್ನು ಆ ಒಡಂಬಡಿಕೆಯ ಅತ್ಯಂತ ಕಟ್ಟುನಿಟ್ಟಿನ ನಾಲ್ಕನೇ ಪಟ್ಟಿಯಿಂದ ತೆಗೆಯುವ ಪ್ರಸ್ತಾಪದ ಪರವಾಗಿ ಮತ ಹಾಕಿತು. 27 ದೇಶ ಪರ, 25 ವಿರೋಧ. ಹೊರಗೆ ಹಾಕಿದ ಆ ಮತದಿಂದ ಒಳಗಿನ ಕಾಯ್ದೆಯ ಒಂದಕ್ಷರವೂ ಬದಲಾಗಲಿಲ್ಲ.

ಈಗ ಹಳ್ಳಿಯ ಕಟ್ಟೆಯಲ್ಲೂ ಕಾಲೇಜಿನ ಕ್ಯಾಂಟೀನಿನಲ್ಲೂ ಕೇಳಿಬರುವ ಒಂದು ಮಾತನ್ನು ನೋಡೋಣ: ಭಂಗಿ ಸೊಪ್ಪಿಗೆ ನಿಷೇಧವಿಲ್ಲ, ಆದ್ದರಿಂದ ಗಿಡಕ್ಕೂ ಇಲ್ಲ. ಮಾತಿನ ಮೊದಲರ್ಧ ಹೆಚ್ಚುಕಡಿಮೆ ನಿಜ. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ಅಥವಾ ಕಾಯಿಯ ತುದಿ. ತುದಿ ಜೊತೆಗಿಲ್ಲದ ಬೀಜ ಮತ್ತು ಎಲೆ ಅದರಲ್ಲಿ ಸೇರುವುದಿಲ್ಲ. 2022ರಲ್ಲಿ ಬೆಂಗಳೂರಿನ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ ಭಂಗ್ ಈ ಕಾಯ್ದೆಯಡಿ ನಿಷೇಧಿತ ಎಂದು ತೋರಿಸುವ ಆಧಾರವಿಲ್ಲವೆಂದು ಹೇಳಿ ಆರೋಪಿಗೆ ಜಾಮೀನು ಕೊಟ್ಟಿತು. ಹಾಗಿದ್ದರೂ ಎರಡನೆಯ ಅರ್ಧ ಅದರಿಂದ ಹುಟ್ಟುವುದಿಲ್ಲ. ವ್ಯಾಖ್ಯೆಗಳ ಅದೇ ಪುಟದಲ್ಲಿ ಗಾಂಜಾ ಗಿಡ ಎಂಬುದಕ್ಕೆ ಪ್ರತ್ಯೇಕ ಅರ್ಥವಿದೆ: ಆ ಜಾತಿಯ ಯಾವುದೇ ಗಿಡ. ಎಲೆಗಾಗಿ ಬೆಳೆದೆ, ನಾರಿಗಾಗಿ ಬೆಳೆದೆ, ಚಂದಕ್ಕೆ ಬೆಳೆದೆ ಎಂಬ ಯಾವ ಸಬೂಬೂ ಅಲ್ಲಿ ನಡೆಯುವುದಿಲ್ಲ. ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವ ಹೆಂಪ್ ಬೀಜ (ಇದೇ ಜಾತಿಯ ಗಿಡದ್ದು), ಅದರ ಎಣ್ಣೆ, ಹಿಟ್ಟು ಆಹಾರವೆಂದು 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ಒಪ್ಪಿಗೆ ಪಡೆದಿವೆ. ಆ ಒಪ್ಪಿಗೆ ತಿನ್ನುವುದಕ್ಕೆ. ಬೀಜ ತಿಂದರೆ ಅಪರಾಧವಲ್ಲ, ಮೊಳಕೆ ಬರಿಸಿ ಬೆಳೆಸಿದರೆ ಕಲಂ 20.

ಹೊಲದ ವಿಷಯಕ್ಕೆ ಬಂದರೆ ಇನ್ನಷ್ಟು ಗಂಟುಗಳಿವೆ. ಹಾವೇರಿ ಸೀಮೆಯಲ್ಲಿ ಉತಾರದಲ್ಲಿರುವ ಹೆಸರೂ ಎಡೆ ಹೊಡೆಯುವ ಕೈಯೂ ಎಷ್ಟೋ ಕಡೆ ಬೇರೆ ಬೇರೆ. ಅಜ್ಜನ ಹೆಸರಿನಲ್ಲೇ ಉಳಿದ ಜಮೀನನ್ನು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡಿರುತ್ತಾರೆ, ಇಲ್ಲವೇ ಲಾವಣಿಗೆ ಕೊಟ್ಟು ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾರೆ. ಕಾಯ್ದೆಯ ಕಲಂ 46 ಜಮೀನು ಹೊಂದಿದವನ ಮೇಲೆ ಒಂದು ಕರ್ತವ್ಯ ಹೊರಿಸುತ್ತದೆ: ತನ್ನ ನೆಲದಲ್ಲಿ ಯಾರಾದರೂ ಗಾಂಜಾ ಬೆಳೆದಿದ್ದರೆ ಕೂಡಲೇ ತಿಳಿಸಬೇಕು, ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆಯಾಗುತ್ತದೆ. ಮುಂದಿನ ಕಲಂ ಅದೇ ಕರ್ತವ್ಯವನ್ನು ಗ್ರಾಮ ಮಟ್ಟದ ಅಧಿಕಾರಿಗಳಿಗೂ ಹಾಕುತ್ತದೆ. ಆದರೆ ಬೆಳೆದವನು ಯಾರು ಎಂಬುದನ್ನು ಸಾಬೀತುಮಾಡುವ ಹೊಣೆ ಸರ್ಕಾರದ್ದು. ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡುತ್ತ, ಜಮೀನು ಅವನದೇ ಎಂಬುದೂ ಗಿಡ ಅವನೇ ಬೆಳೆಸಿದ್ದೆಂಬುದೂ ಸಾಬೀತಾಗಿಲ್ಲ, ಗಾಂಜಾ ತಾನಾಗಿಯೂ ಹುಟ್ಟಬಲ್ಲ ಗಿಡ ಎಂದಿತು. ಬೆಂಗಳೂರಿನ ಜಯನಗರದ ಮನೆಯೊಂದರ ಹಿತ್ತಲಿನ ಗಿಡಗಳ ಪ್ರಕರಣವನ್ನು ನಮ್ಮ ಹೈಕೋರ್ಟ್ ರದ್ದುಮಾಡಿದಾಗಲೂ, ಬೇರು ಕಾಂಡ ಎಲೆ ಎಲ್ಲ ಸೇರಿಸಿ ತೂಗಿದ ಪೊಲೀಸರ ಲೆಕ್ಕ ಪ್ರಶ್ನೆಗೊಳಗಾಗಿತ್ತು. ಸುದ್ದಿಯಲ್ಲಿ ಬರುವ ದೊಡ್ಡ ದೊಡ್ಡ ತೂಕಗಳ ಹಿಂದೆ ಹೀಗೆ ಹಸಿ ಕಾಂಡದ ಭಾರವೂ ಇರುತ್ತದೆ. ಇವನ್ನೆಲ್ಲ ಓದಿ, ಕೋರ್ಟು ಹೇಗೂ ಬಿಡುತ್ತದಲ್ಲ ಎಂದುಕೊಳ್ಳುವವರಿದ್ದಾರೆ. ಬಿಡುಗಡೆಯ ಆದೇಶ ಬರುವುದು ಬಂಧನ, ಮಹಜರು, ಪ್ರಯೋಗಾಲಯದ ವರದಿ, ಜಾಮೀನು, ವಕೀಲರ ಫೀಸು, ತಾರೀಖಿನ ಮೇಲೆ ತಾರೀಖು ಎಲ್ಲ ಮುಗಿದ ಮೇಲೆ. ಎರಡು ಎಕರೆಯ ಕುಟುಂಬಕ್ಕೆ ಅಷ್ಟೇ ಸಾಕು. ಮೇಲಾಗಿ ಕುಂಡದಲ್ಲಿ ಮಣ್ಣು ತುಂಬಿ ನೀರು ಹಾಕಿ ಬೆಳೆಸಿದವನು ಅದು ತಾನಾಗಿ ಹುಟ್ಟಿತೆಂದು ಯಾವ ಮುಖ ಇಟ್ಟುಕೊಂಡು ಹೇಳಿಯಾನು?

ಕಾನೂನನ್ನು ಒಂದು ಗಳಿಗೆ ಬದಿಗಿಟ್ಟರೂ ಈ ಗಿಡ ಹೊಸಬರು ಅಂದುಕೊಂಡಷ್ಟು ಸರಳವಲ್ಲ. ಇದನ್ನು ರಾಣೆಬೆನ್ನೂರಿನವರಿಗೆ ವಿವರಿಸುವುದು ಬೇರೆ ಊರಿನವರಿಗಿಂತ ಸುಲಭ, ಏಕೆಂದರೆ ಇದು ಹೈಬ್ರಿಡ್ ಬೀಜ ಮಾಡುವ ಸೀಮೆ. ಟೊಮ್ಯಾಟೊ, ಬೆಂಡೆ, ಹತ್ತಿ, ಮೆಣಸಿನಕಾಯಿಯ ಹೂವಿನ ಗಂಡು ಭಾಗ ಬಿಡಿಸಿ, ಬೇರೆ ತಳಿಯ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸದಲ್ಲಿ ಇಲ್ಲಿನ ಹೆಣ್ಣುಮಕ್ಕಳ ಬೆರಳು ಪಳಗಿದೆ. ಪಕ್ಕದ ಹೊಲದ ಪರಾಗ ಬಂದರೆ ಬೀಜ ಕೆಟ್ಟಿತು, ಕಂಪನಿ ವಾಪಸ್ ಕಳಿಸಿತು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಾಂಜಾದಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಪರಾಗ ಗಾಳಿಯಲ್ಲಿ ಬಹುದೂರ ಹೋಗುತ್ತದೆ. ಅಮಲು ಕೊಡುವ ಟಿಎಚ್‌ಸಿ ಎಂಬ ರಾಸಾಯನಿಕ ಹೆಚ್ಚಾಗಿರುವುದು ಹೆಣ್ಣು ಹೂವಿನ ಅಂಟಿನಲ್ಲಿ. ಅದು ಎಷ್ಟಿರುತ್ತದೆಂಬುದನ್ನು ತಳಿ ತೀರ್ಮಾನಿಸುತ್ತದೆ. ಯಾರೋ ಕೊಟ್ಟ ಬೀಜದಿಂದ ಬೆಳೆದ ಗಿಡದಲ್ಲಿ ಆ ಅಂಶ ಎಷ್ಟಿದೆಯೆಂದು ಕಣ್ಣಿನಿಂದಾಗಲಿ ವಾಸನೆಯಿಂದಾಗಲಿ ಹೇಳಲಾಗದು, ಪ್ರಯೋಗಾಲಯವೇ ಬೇಕು. ಮನೆಯಲ್ಲೇ ಬೆಳೆದದ್ದು ಶುದ್ಧ, ಆದ್ದರಿಂದ ಸುರಕ್ಷಿತ ಎಂಬ ನಂಬಿಕೆಯ ಬುಡ ಇಲ್ಲೇ ಅಲ್ಲಾಡುತ್ತದೆ. ಕಲಬೆರಕೆ ಇಲ್ಲದಿರಬಹುದು, ಆದರೆ ಎಷ್ಟು ತೀಕ್ಷ್ಣ ಎಂಬುದು ಬೆಳೆದವನಿಗೇ ಗೊತ್ತಿಲ್ಲ.

ಹಾಗಾದರೆ ಕಾನೂನು ಇದ್ದ ಹಾಗೇ ಇರಲಿ ಎನ್ನಬಾರದೇಕೆ? ಎದುರು ವಾದ ಮಾಡುವವರಲ್ಲಿ ನಾನು ಹೆಚ್ಚು ಗೌರವ ಕೊಡುವುದು ತಂದೆತಾಯಿಯರಿಗೆ. ಸಡಿಲ ಮಾಡಿದರೆ ಹುಡುಗರು ಹಾಳಾಗುತ್ತಾರೆ ಎಂಬ ಅವರ ಭಯ ಸುಳ್ಳಲ್ಲ. ಹದಿಹರೆಯದಲ್ಲಿ ಶುರುವಾದ, ದಿನನಿತ್ಯದ, ತೀಕ್ಷ್ಣ ಗಾಂಜಾ ಬಳಕೆಗೂ ಮನೋವಿಕಲತೆಗೂ ನಂಟಿದೆಯೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಮನೆತನದಲ್ಲಿ ಅಂಥ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ, ಹಿಂದಿನ ಒಂದು ವರ್ಷದಲ್ಲಿ ಸುಮಾರು 3.1 ಕೋಟಿ ಜನ ಭಂಗ್, ಗಾಂಜಾ ಅಥವಾ ಚರಸ್ ಬಳಸಿದ್ದರೆಂದೂ ಸುಮಾರು 72 ಲಕ್ಷ ಜನರಿಗೆ ಅದರ ತೊಂದರೆಗೆ ನೆರವು ಬೇಕಿದೆಯೆಂದೂ ಅಂದಾಜು ಮಾಡಿತು. ಈ ಅಂಕಿಗಳನ್ನು ಎರಡು ರೀತಿ ಓದಬಹುದು. ಹಾನಿ ದೊಡ್ಡದು ಎಂಬುದು ಒಂದು. ಮೂರು ದಶಕಕ್ಕೂ ಹೆಚ್ಚು ಕಾಲ ಕಠಿಣ ಜೈಲಿನ ಬೆದರಿಕೆ ಇದ್ದೂ ಗಾಂಜಾ, ಚರಸ್ ಬಳಕೆಯನ್ನು ಅದು ತಡೆದಿಲ್ಲ ಎಂಬುದು ಇನ್ನೊಂದು. ಎರಡೂ ಒಟ್ಟಿಗೆ ನಿಜ. ಮಗನ ಕೋಣೆಯಲ್ಲಿ ಕುಂಡ ಕಂಡ ತಾಯಿಗೆ ಮೊದಲು ಬೇಕಾದದ್ದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ವೈದ್ಯರು, ಅಥವಾ 14416ರ ಟೆಲಿ ಮಾನಸ್ ಸಹಾಯವಾಣಿ. ವಿಷಯ ಠಾಣೆಗೆ ಹೋದರೆ ಹತ್ತು ವರ್ಷ ಎಂಬ ಭಯವಿರುವವರೆಗೆ ಆಕೆ ಯಾರಿಗೂ ಹೇಳದೆ ಗಿಡ ಕಿತ್ತು ಬಚ್ಚಲೊಲೆಗೆ ಹಾಕುತ್ತಾಳೆ. ಹುಡುಗನ ಚಟ ಅಲ್ಲೇ ಉಳಿಯುತ್ತದೆ.

ಪೊಲೀಸರ ಆಕ್ಷೇಪ ಬೇರೆ ತರಹದ್ದು. ಮೂರು ಗಿಡಕ್ಕೆ ಶಿಕ್ಷೆ ಕಡಿಮೆ ಎಂದರೆ ದಂಧೆಯವನು ಹತ್ತು ಮನೆಯಲ್ಲಿ ಮೂರು ಮೂರು ನೆಡಿಸುತ್ತಾನೆ. ಇದು ತೂಕದ ಮಾತು. ಆದರೆ ಇದೇ ಮಾತನ್ನು ಒಂದು ಕಿಲೋ ಮಿತಿಗೂ ಹೇಳಬಹುದಿತ್ತು, ಅಲ್ಲೂ ದಂಧೆಯವನು ಸರಕನ್ನು ಚೂರುಚೂರು ಹಂಚಿ ಸಾಗಿಸಬಲ್ಲ. ಆದರೂ 2001ರಲ್ಲಿ ಸಂಸತ್ತು ಮಿತಿ ಹಾಕಿತು; ಸಂಚಿಗೆ ಬೇರೆ ಕಲಂ ಇದ್ದೇ ಇದೆ. ಇನ್ನು ಕಲಂ 20ರಲ್ಲಿ ಗಿಡಕ್ಕೆ ಕನಿಷ್ಠ ಶಿಕ್ಷೆ ಇಲ್ಲವಲ್ಲ, ನ್ಯಾಯಾಧೀಶರು ಒಂದು ತಿಂಗಳಿಗೂ ಬಿಡಬಹುದಲ್ಲ ಎಂದು ಕೆಲ ವಕೀಲರು ಹೇಳುತ್ತಾರೆ. ಬಿಡಬಹುದು. ಆ ದಯೆ ಒಬ್ಬೊಬ್ಬ ನ್ಯಾಯಾಧೀಶರಲ್ಲಿ ಒಂದೊಂದು ಥರ; ಅದನ್ನು ನಂಬಿ ಬದುಕಬೇಕಾದ ಸ್ಥಿತಿಗೆ ಕಾನೂನು ಎನ್ನಲಾಗದು.

ಸಂಪ್ರದಾಯದ ವಾದವನ್ನು ಬೇಗ ದಾಟಬಹುದು. ಶಿವನಿಗೆ ಪ್ರಿಯ, ಸಾಧುಗಳು ಸೇದುತ್ತಾರೆ, ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಪ್ರಸಾದವಾಗಿ ಕೊಡುತ್ತಾರೆಂದು ಪತ್ರಿಕೆಗಳಲ್ಲೇ ಬಂದಿದೆ, ನಮ್ಮದೇ ಜಿಲ್ಲೆಯ ಶಿಶುನಾಳದ ಷರೀಫರ ತತ್ವಪದದಲ್ಲಿ ಗುಡುಗುಡಿಯೂ ಇದೆ. ಎಲ್ಲ ಸರಿ. ಷರೀಫರಿಗೆ ಗುಡುಗುಡಿ ರೂಪಕ, ಅದನ್ನು ಬೀಜ ಖರೀದಿಯ ರಸೀದಿ ಮಾಡಿಕೊಳ್ಳುವುದು ಅವರಿಗೆ ಮಾಡುವ ಅವಮಾನ. ಎನ್‌ಡಿಪಿಎಸ್ ಕಾಯ್ದೆಯಲ್ಲಿ ಧಾರ್ಮಿಕ ಬಳಕೆಗೆ ವಿನಾಯಿತಿ ಇಲ್ಲ.

ಹೊರದೇಶಗಳ ಅನುಭವವನ್ನು ಮಾತ್ರ ಹಾಗೆ ದಾಟುವಂತಿಲ್ಲ, ಏಕೆಂದರೆ ಹುಡುಗರು ನೋಡುವ ವಿಡಿಯೊಗಳು ಅಲ್ಲಿಂದ ಬಂದವು. ಉರುಗ್ವೆ 2013ರ ಕಾನೂನಿನಲ್ಲಿ ಮನೆಗೆ ಆರು ಗಿಡ ಎಂದಿತು. ಕೆನಡಾ 2018ರಲ್ಲಿ ನಾಲ್ಕು ಗಿಡಕ್ಕೆ ಒಪ್ಪಿತು, ಹಾಗಿದ್ದೂ ಕ್ವಿಬೆಕ್ ಪ್ರಾಂತ್ಯ ಮನೆಯಲ್ಲಿ ಬೆಳೆಯುವುದನ್ನು ನಿಷೇಧಿಸಿತು. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ಅದೇ ವರ್ಷ ವಯಸ್ಕರು ಸ್ವಂತಕ್ಕೆ ಖಾಸಗಿಯಾಗಿ ಬೆಳೆಯುವುದು ಖಾಸಗಿತನದ ಹಕ್ಕಿನೊಳಗೆ ಬರುತ್ತದೆ ಎಂದಿತು. ಜರ್ಮನಿ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ಮೂರು ಗಿಡ ಬಿಟ್ಟುಕೊಟ್ಟಿತು. ಥಾಯ್ಲೆಂಡಿನ ಕಥೆ ಎಚ್ಚರಿಕೆ ಹೇಳುವಂಥದ್ದು. 2022ರಲ್ಲಿ ಅದು ಗಿಡವನ್ನು ಮಾದಕ ಪಟ್ಟಿಯಿಂದಲೇ ತೆಗೆದುಹಾಕಿತು. ಎಷ್ಟು, ಯಾರಿಗೆ, ಯಾವ ಅಂಗಡಿ ಎಂಬ ನಿಯಮ ಬರುವ ಮುಂಚೆಯೇ ಬೀದಿಬೀದಿಗೆ ಅಂಗಡಿ ತೆರೆದವು. 2025ರಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಹಿಂದೆ ಸರಿಯಬೇಕಾಯಿತು. ನಾನು ಕೇಳುತ್ತಿರುವುದು ಥಾಯ್ಲೆಂಡಿನ ಬಾಗಿಲು ತೆರೆಯಿರಿ ಎಂದಲ್ಲ, ಜರ್ಮನಿಯ ಮೂರು ಗಿಡವನ್ನೂ ಅಲ್ಲ. ಅಪರಾಧ ಅಪರಾಧವಾಗಿಯೇ ಉಳಿಯಲಿ. ಕುಂಡಕ್ಕೂ ಎಕರೆಗೂ ಶಿಕ್ಷೆಯಲ್ಲಿ ಅಂತರವಿರಲಿ.

ಇದರ ನಡುವೆ ಇನ್ನೊಂದು ಆಸೆ ಹಳ್ಳಿಗಳಲ್ಲಿ ಓಡಾಡುತ್ತಿದೆ: ಹೆಂಪ್ ಎಂಬ ಚಿನ್ನದ ಬೆಳೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಬಂದರೂ ದರ ನೆಲಕ್ಕೆ ಬೀಳುವುದು ನಿಂತಿಲ್ಲ. 2024ರ ಮಾರ್ಚ್ 11ರಂದು ದರ ಕುಸಿದ ಸಿಟ್ಟಿನಲ್ಲಿ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ಬೆಂಕಿ ಹಚ್ಚಿದ್ದು ಎಲ್ಲರಿಗೂ ನೆನಪಿದೆ. ಅಂಥ ಕಾಲದಲ್ಲಿ ಬದುವಿನ ಒಳಗೆ ಹತ್ತು ಗಿಡ ಇಟ್ಟರೆ ಸಾಲ ತೀರುತ್ತದೆ ಎಂದು ಪಿಸುಗುಟ್ಟುವ ಮಧ್ಯವರ್ತಿ ಸಿಗುವುದು ಕಷ್ಟವಲ್ಲ. ಸಿಕ್ಕಿಬೀಳುವಾಗ ಅವನ ಹೆಸರು ಉತಾರದಲ್ಲಿ ಇರುವುದಿಲ್ಲ. ಕಾನೂನುಬದ್ಧ ದಾರಿಯೂ ಒಂದಿದೆ. ಕಾಯ್ದೆಯ ಕಲಂ 10 ಮತ್ತು 14ರ ಅಡಿಯಲ್ಲಿ ನಾರು, ಬೀಜ, ತೋಟಗಾರಿಕೆಗೆಂದು ಅನುಮತಿ ಕೊಡಬಹುದು. 2018ರಲ್ಲಿ ಉತ್ತರಾಖಂಡ, ಟಿಎಚ್‌ಸಿ ಶೇಕಡಾ 0.3 ಮೀರದ ತಳಿಗೆ ಪರವಾನಗಿ ಕೊಟ್ಟ ಮೊದಲ ರಾಜ್ಯವಾಯಿತು. ಆದರೆ ನಮ್ಮ ಎರೆಮಣ್ಣಿಗೆ ಇದು ತುರ್ತಾಗಿ ಬೇಕೆಂದು ನನಗೆ ಅನಿಸುವುದಿಲ್ಲ. ಹಗ್ಗದ ನಾರಿಗೆ ಈ ಸೀಮೆ ಪುಂಡಿಯನ್ನೂ ಸೆಣಬನ್ನೂ ತಲೆಮಾರುಗಳಿಂದ ಬೆಳೆದಿದೆ; ಪುಂಡಿಯ ಒಂದು ಪ್ರಭೇದದ ಎಲೆಯಂತೂ ಗಾಂಜಾ ಎಲೆಯನ್ನೇ ಹೋಲುತ್ತದೆ, ಅದನ್ನು ಪಲ್ಯ ಮಾಡಿ ರೊಟ್ಟಿಯ ಜೊತೆ ತಿನ್ನುವುದಕ್ಕೆ ಯಾರ ಅಪ್ಪಣೆಯೂ ಬೇಡ. ಬೀಜದ ಶುದ್ಧತೆ ಕಾಯುವುದು ಇಲ್ಲಿನ ರೈತರಿಗೆ ಗೊತ್ತಿದೆ ನಿಜ. ಆದರೆ ಹೆಂಪ್‌ನಲ್ಲಿ ಶುದ್ಧತೆ ತಪ್ಪಿದರೆ ಟೊಮ್ಯಾಟೊ ಬೀಜದಂತೆ ವಾಪಸ್ ಬರುವುದಲ್ಲ, ಪರವಾನಗಿಯ ರಕ್ಷಣೆಯೇ ಹೋಗುತ್ತದೆ. ತಳಿ, ಪರೀಕ್ಷಾ ಕೇಂದ್ರ, ಖರೀದಿದಾರ ಮೂರೂ ಖಾತ್ರಿಯಾಗದೆ ಇದರ ಕನಸು ಹಂಚುವವರನ್ನು ರೈತರು ನಂಬಬಾರದು.

ರಾಜ್ಯ ಸರ್ಕಾರ ಪರವಾನಗಿಯ ನಿಯಮ ಮಾಡಬಲ್ಲದು. ಕೇಂದ್ರ ಸರ್ಕಾರ ಒಂದು ಅಧಿಸೂಚನೆಯಿಂದ ಕಿಲೋ ಗ್ರಾಂಗಳ ಕೋಷ್ಟಕ ತಿದ್ದಬಲ್ಲದು. ಗಿಡದ ವಿಷಯ ಆ ಎರಡರಿಂದಲೂ ಬಗೆಹರಿಯುವುದಿಲ್ಲ. ಕಲಂ 20ರ ಮೊದಲ ಭಾಗದಲ್ಲಿ ಪ್ರಮಾಣ ಎಂಬ ಪದವೇ ಇಲ್ಲದಿರುವುದರಿಂದ, ಅಲ್ಲಿ ಗಿಡಗಳ ಸಂಖ್ಯೆ ಬರೆದು, ಅದಕ್ಕಿಂತ ಕಡಿಮೆ ಬೆಳೆದವನಿಗೆ ಅಲ್ಪ ಪ್ರಮಾಣದ ಶಿಕ್ಷೆ, ಮತ್ತು 64ಎ ಯ ಚಿಕಿತ್ಸೆಯ ದಾರಿ ಎರಡನ್ನೂ ಕೊಡಲು ಸಂಸತ್ತೇ ತಿದ್ದುಪಡಿ ತರಬೇಕು. ಅಲ್ಲಿಯವರೆಗೆ ಹೊಲದಲ್ಲಿ ತಾನಾಗಿ ಹುಟ್ಟಿದ ಗಿಡ ಕಂಡವರು ಅದಕ್ಕೆ ನೀರು ಹಾಯಿಸದೆ, ಕಿತ್ತು ಮನೆಗೆ ಒಯ್ಯದೆ, ಠಾಣೆಗೆ ಅಥವಾ ಅಬಕಾರಿ ಇಲಾಖೆಗೆ ಬರಹದಲ್ಲಿ ತಿಳಿಸಿ, ಆ ಅರ್ಜಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬರುವುದು ಒಳ್ಳೆಯದು.